ಮುಟ್ಟಿಗೆ ಮುಂಚಿನ ಮೊಲೆ ನೋವಿಗೆ ನಾನು ತಗೊಂಡ ಗುಳಿಗೆಗಳು: ಒಂದು ವರ್ಷದ ಲೆಕ್ಕ

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಈ ಕೆಲಸಕ್ಕೆ ಕೂತು 14 ವರ್ಷವಾಯಿತು. ದಿನಕ್ಕೆ ಐದಾರು ಹೆಂಗಸರ ಅಳತೆ ತಗೊಳ್ಳುತ್ತೇನೆ. ಅವರಲ್ಲಿ ಯಾರಾದರೂ ಒಬ್ಬರು ಟೇಪ್ ತಾಗಿದ ಕೂಡಲೇ ಉಸಿರು ಹಿಡಿದು ಹಿಂದೆ ಸರಿಯುತ್ತಾರೆ. "ಸ್ವಲ್ಪ ಸಡಿಲ ಹಿಡೀರಿ ಅಕ್ಕಾರ" ಅನ್ನುತ್ತಾರೆ. ಯಾಕೆ ಅಂತ ನಾನು ಮೊದಲೆಲ್ಲ ಕೇಳುತ್ತಿರಲಿಲ್ಲ. ವಯಸ್ಸು 36 ದಾಟಿದ ಮೇಲೆ ನನಗೇ ಆ ನೋವು ಬಂತು. ಆಮೇಲೆ ಕೇಳತೊಡಗಿದೆ.

ಮುಟ್ಟಾಗಲು ಎಂಟು ಹತ್ತು ದಿನ ಇರುವಾಗ ಎರಡೂ ಮೊಲೆ ಭಾರವಾಗುತ್ತವೆ. ಕಂಕುಳಿನ ಕಡೆ, ಮೇಲಿನ ಭಾಗದಲ್ಲಿ ನೋವು ಜಾಸ್ತಿ. ಒತ್ತಿ ನೋಡಿದರೆ ಒಳಗೆ ನುಚ್ಚು ತುಂಬಿದ ಹಾಗೆ ಕೈಗೆ ಸಿಗುತ್ತದೆ. ಮಷಿನ್ ತುಳಿಯುವಾಗ ಮೈ ಅಲುಗಾಡುತ್ತದಲ್ಲ, ಅಷ್ಟಕ್ಕೇ ನೋಯುತ್ತದೆ. ಬ್ಲೌಸಿನ ಖಣದ ಬಟ್ಟೆ ತರಲು ಬಸ್ಸಿನಲ್ಲಿ ಗುಳೇದಗುಡ್ಡಕ್ಕೆ ಹೋಗುವಾಗ ಪ್ರತಿ ತಗ್ಗಿಗೂ ಸೆರಗಿನೊಳಗೆ ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಮಗ ಶಾಲೆಯಿಂದ ಓಡಿ ಬಂದು ತೆಕ್ಕೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವನನ್ನು ದೂರ ಸರಿಸಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಟ್ಟಾದ ಎರಡನೇ ದಿನಕ್ಕೆ ಎಲ್ಲ ಇಳಿದುಹೋಗುತ್ತದೆ. ಮತ್ತೆ ಹದಿನೈದು ದಿನಕ್ಕೆ ಶುರು.

ಈ ನೋವನ್ನು ಬಾಯಿಬಿಟ್ಟು ಹೇಳೋದೇ ಮೊದಲ ಕಷ್ಟ. ಮಗುವಿಗೆ ಮೊಲೆ ಉಣಿಸಿದೆ ಅಂತ ಎಲ್ಲರ ಮುಂದೆ ಹೇಳುತ್ತೇವೆ. ಮೊಲೆ ನೋಯುತ್ತಿದೆ ಅಂತ ಹೇಳಲು ಬಾಯಿ ಬರೋದಿಲ್ಲ. ಹಾಗಾಗಿ 'ಎದೆ ನೋವು' ಅನ್ನುತ್ತೇವೆ. ನಾನೂ ನಮ್ಮ ಮನೆಯವರಿಗೆ ಹಾಗೇ ಹೇಳಿದೆ. ಅವರು ಮೆಡಿಕಲ್ ಅಂಗಡಿಗೆ ಹೋಗಿ "ಮನಿಯಾಕಿಗೆ ಎದಿ ನೋವೈತ್ರಿ" ಅಂದರು. ಅಂಗಡಿಯವನು "ಎಡಗೈ ಜೋಮು ಹಿಡಿತೈತೇನ್ರಿ?" ಅಂತ ಕೇಳಿ ಗ್ಯಾಸಿನ ಗುಳಿಗೆ ಕೊಟ್ಟು, ಇಸಿಜಿ ಮಾಡಿಸಿಬಿಡಿ ಅಂದನಂತೆ. ಅವರು ಹೆದರಿ ಮನೆಗೆ ಬಂದರು. ಅದೇ ಸಂಜೆ ಇಸಿಜಿ ಆಯಿತು. ಹೃದಯ ಸರಿ ಇತ್ತು. ಪಟ್ಟಿ ಹಚ್ಚುತ್ತಿದ್ದ ನರ್ಸ್ ನನ್ನ ಮುಖ ನೋಡಿ, "ಮುಟ್ಟಾಗೋದು ಹತ್ರ ಬಂದೈತೇನವ್ವಾ?" ಅಂತ ಕಿವಿಯಲ್ಲಿ ಕೇಳಿದಳು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ನೋವಿಗೆ ಅಂತ ಮೆಡಿಕಲ್ಲಿನಲ್ಲಿ ಸಿಗುವ ವಿಟಮಿನ್ ಗುಳಿಗೆ, ಎಣ್ಣೆ ಕ್ಯಾಪ್ಸೂಲ್ ಇವುಗಳಲ್ಲಿ ಯಾವುದರಿಂದ ನನಗೆ ಏನಾಯಿತು ಅಂತ ಲೆಕ್ಕ ಸಮೇತ ಹೇಳುತ್ತೇನೆ. ಲೆಕ್ಕ ಇದೆ, ಯಾಕೆಂದರೆ ಬರೆದಿಟ್ಟಿದ್ದೇನೆ.

ಬರೆದಿಡಲು ಹೇಳಿದವರು ನಾನು ಆಮೇಲೆ ಹೋದ ಲೇಡಿ ಡಾಕ್ಟರ್. ಮೊದಲು ಕೈಯಿಂದ ಪರೀಕ್ಷೆ ಮಾಡಿದರು. ಸ್ಕ್ಯಾನಿಂಗ್ ಮಾಡಿಸಿದರು. ಗಂಟು ಏನೂ ಇರಲಿಲ್ಲ. "ಎರಡು ತಿಂಗಳು ಏನೂ ತಗೋಬ್ಯಾಡ್ರಿ. ದಿನಾ ನೋವು ಎಷ್ಟಿತ್ತು ಅಂತ ಸೊನ್ನೆಯಿಂದ ಹತ್ತರ ತನಕ ನಂಬರ್ ಹಾಕ್ಕೊಂಡು ಬರ್ರಿ" ಅಂದರು. ಗುಳಿಗೆ ಬರೆದುಕೊಡದೆ ಕಳಿಸಿದರಲ್ಲ ಅಂತ ನನಗೆ ಬೇಸರವಾಯಿತು. ಈಗ ಅನಿಸುತ್ತದೆ, ಅವರು ಕೊಟ್ಟದ್ದರಲ್ಲಿ ಅದೇ ದೊಡ್ಡದು. ನನ್ನ ಅಳತೆ ಪುಸ್ತಕದ ಕೊನೆಯ ಪುಟಗಳಲ್ಲಿ ಗೆರೆ ಹೊಡೆದು ಶುರು ಮಾಡಿದೆ. ಮೊದಲ ತಿಂಗಳು 9 ದಿನ ನೋವು, ತೀರಾ ಜಾಸ್ತಿಯಾದ ದಿನ 7. ಎರಡನೇ ತಿಂಗಳು 8 ದಿನ, ಜಾಸ್ತಿ ಅಂದರೆ 7.

ಇನ್ನೊಂದು ವಿಷಯವೂ ಆ ಪುಟದಲ್ಲಿ ಸಿಕ್ಕಿತು. ನೋವಿರುವ ದಿನ ನನ್ನ ಅಳತೆ ನಾನೇ ತಗೊಂಡೆ. ಎದೆಯ ಸುತ್ತಳತೆ ಮುಕ್ಕಾಲು ಇಂಚು ಜಾಸ್ತಿ ಬಂತು. ಮುಟ್ಟು ಮುಗಿದ ಮೇಲೆ ಮತ್ತೆ ಮೊದಲಿನ ಅಳತೆಗೆ ಇಳಿಯಿತು. 14 ವರ್ಷ ಬೇರೆಯವರಿಗೆ ಟೇಪ್ ಹಿಡಿದವಳಿಗೆ ಇದು ಗೊತ್ತಿರಲಿಲ್ಲ. ಕೆಲವರ ಬ್ಲೌಸ್ ಟ್ರಯಲ್‌ಗೆ ಸರಿಯಾಗಿ ಕೂತು, ಮುಂದಿನ ವಾರ "ಬಿಗಿ ಆತ್ರಿ" ಅಂತ ವಾಪಸ್ ಬರುತ್ತಿತ್ತು. ಹೊಲಿಗೆ ತಪ್ಪಿತು ಅಂದುಕೊಂಡು ಬಿಚ್ಚಿ ಕೊಡುತ್ತಿದ್ದೆ. ಈಗ ಅಳತೆ ಕೊಡಲು ಬಂದವರಿಗೆ ಡೇಟ್ ಯಾವಾಗ ಅಂತ ಮೆಲ್ಲಗೆ ಕೇಳಿ, ಒಳಗೆ ಅರ್ಧ ಇಂಚು ಬಟ್ಟೆ ಬಿಡುತ್ತೇನೆ.

ಸರಿ, ಗುಳಿಗೆಗಳಿಗೆ ಬರುತ್ತೇನೆ.

ಮೊದಲನೆಯದು ವಿಟಮಿನ್ ಇ. ಡಾಕ್ಟರ್ ಬರೆದದ್ದು ದಿನಕ್ಕೆ 400 ಮಿಲಿಗ್ರಾಂನ ಒಂದು, ಮೂರು ತಿಂಗಳು. ನನಗೆ ಸಿಕ್ಕಿದ್ದು ಎವಿಯಾನ್ 400. ಹಸಿರು ಬಣ್ಣದ ಮೆತ್ತನೆಯ ಕ್ಯಾಪ್ಸೂಲ್. ನಮ್ಮ ಕಡೆ ಹುಡುಗಿಯರು ಇದನ್ನು ಕತ್ತರಿಸಿ ಮುಖಕ್ಕೆ, ಕೂದಲಿಗೆ ಹಚ್ಚುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಕೇಳಲು ಸಂಕೋಚವೇ ಆಗೋದಿಲ್ಲ, ಯಾರೂ ಏನೂ ಕೇಳೋದಿಲ್ಲ. ಒಂದಕ್ಕೆ ಸುಮಾರು 4 ರೂಪಾಯಿ ಬಿತ್ತು. ಅಂದರೆ ಮೂರು ತಿಂಗಳಿಗೆ ನಾಲ್ಕುನೂರರ ಒಳಗೆ. ಒಂದು ಬ್ಲೌಸಿನ ಹೊಲಿಗೆ ಕೂಲಿ ಅಷ್ಟು.

ತಂದ ದಿನವೇ ಒಂದು ತೊಡಕು ಬಂತು. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರೋದಿಲ್ಲ. ಮೆತ್ತನೆಯ ಕ್ಯಾಪ್ಸೂಲಿನ ಹೊರಗಿನ ಪದರ ಸಾಮಾನ್ಯವಾಗಿ ಜೆಲಟಿನ್, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋದು. ಇದನ್ನು ಹೇಳಿದವಳು ಬಿ.ಫಾರ್ಮ್ ಓದುವ ನಮ್ಮ ಅಣ್ಣನ ಮಗಳು. ಅತ್ತೆ ಅದನ್ನು ಕೇಳಿಸಿಕೊಂಡರು. "ಔಷಧಕ್ಕ ಮಡಿ ಇಲ್ಲ, ನುಂಗು" ಅಂತ ಅವರೇ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಒಳಗಿನ ಎಣ್ಣೆ ಮಾತ್ರ ತಗೊಂಡರೂ ನಡೆಯುತ್ತದೆ ಅಂದರು. ಹಾಗಾಗಿ ಮೂರು ತಿಂಗಳೂ ಊಟವಾದ ಮೇಲೆ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ಎಣ್ಣೆಯನ್ನು ಚಮಚಕ್ಕೆ ಹಿಂಡಿ ನೆಕ್ಕಿದೆ. ವಾಸನೆ ಇಲ್ಲ, ರುಚಿಯೂ ಇಲ್ಲ, ಅಂಟಂಟು. ಊಟದ ಜೊತೆಗೇ ತಗೋಬೇಕು. ಇದು ಜಿಡ್ಡಿನಲ್ಲಿ ಕರಗುವ ವಿಟಮಿನ್, ಖಾಲಿ ಹೊಟ್ಟೆಯಲ್ಲಿ ಮೈಗೆ ಸರಿಯಾಗಿ ಹತ್ತೋದಿಲ್ಲ. ನಿಮ್ಮ ಮನೆಯಲ್ಲೂ ಈ ತೊಡಕು ಇದ್ದರೆ ಸುಮ್ನೆ ಡಬ್ಬಿಯಲ್ಲಿಟ್ಟು ಬಿಡಬೇಡಿ, ಕೇಳಿ. ಆಹಾರ ಪೂರಕ ಅಂತ ಮಾರುವ ಡಬ್ಬಿಗಳ ಮೇಲಾದರೆ ಹಸಿರು ಚುಕ್ಕೆ ಇದೆಯಾ, ಕಂದು ತ್ರಿಕೋನ ಇದೆಯಾ ನೋಡಬಹುದು.

ಈಗ ಪುಸ್ತಕದ ಲೆಕ್ಕ. ಮೊದಲ ತಿಂಗಳು 9 ದಿನ, 7. ಏನೂ ವ್ಯತ್ಯಾಸ ಇಲ್ಲ. ಬಿಟ್ಟುಬಿಡೋಣ ಅನಿಸಿತು. ಎರಡನೇ ತಿಂಗಳು 8 ದಿನ, 6. ಮೂರನೇ ತಿಂಗಳು 6 ದಿನ, 5. ಆ ತಿಂಗಳು ಬೋರಲು ಮಲಗಿ ಎದ್ದೆ, ಎದ್ದ ಮೇಲೆ ಗೊತ್ತಾಯಿತು ಬೋರಲು ಮಲಗಿದ್ದೆ ಅಂತ. ಅಷ್ಟು ಇಳಿದಿತ್ತು.

ಇದು ಗುಳಿಗೆಯಿಂದಲೇ ಆಯಿತಾ? ಅಣ್ಣನ ಮಗಳಿಗೆ ಅದೇ ಪ್ರಶ್ನೆ ಕೇಳಿದೆ. ಅವಳು ಹುಡುಕಿ ಓದಿ ಹೇಳಿದಳು. 2010ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗ ಇದೆ. ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1200 ಐಯು (ವಿಟಮಿನ್ ಅಳೆಯುವ ಒಂದು ಮಾನ) ವಿಟಮಿನ್ ಇ, ಇನ್ನೊಂದಕ್ಕೆ 3000 ಮಿಲಿಗ್ರಾಂ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಔಷಧಿ ಇಲ್ಲದ ಖಾಲಿ ಗುಳಿಗೆ, ಹೀಗೆ ಆರು ತಿಂಗಳು ಕೊಟ್ಟರು. ಔಷಧಿ ತಗೊಂಡ ಗುಂಪುಗಳಲ್ಲಿ ನೋವು ಸ್ವಲ್ಪ ಇಳಿಯುವ ಸೂಚನೆ ಕಂಡಿತು. ಗಟ್ಟಿಯಾಗಿ ಹೇಳುವಷ್ಟು ಅಲ್ಲ. ಖಾಲಿ ಗುಳಿಗೆ ತಗೊಂಡವರಲ್ಲೂ ಕೆಲವರಿಗೆ ಕಡಿಮೆಯಾಗುತ್ತದೆ, ಈ ನೋವು ತನ್ನಷ್ಟಕ್ಕೆ ತಾನೇ ಏರಿ ಇಳಿಯುವ ಸ್ವಭಾವದ್ದು. "ಅತ್ತಿ, ನಿನಗ ಇಳದದ್ದು ಖರೆ. ಯಾತರಿಂದ ಇಳೀತು ಅನ್ನೋದು ಒಂದೇ ಸಲಕ್ಕ ಹೇಳಾಕ ಬರಂಗಿಲ್ಲ" ಅಂದಳು. ಆ ಮಾತು ನನಗೆ ಹಿಡಿಸಿತು. ಆದ್ದರಿಂದ ಮುಂದಿನ ತಿಂಗಳು ಏನೂ ತಗೊಳ್ಳದೆ ನೋಡಿದೆ. 7 ದಿನ, 5. ಸ್ವಲ್ಪ ಮೇಲೆ ಹೋಯಿತು, ಮೊದಲಿನಷ್ಟು ಹೋಗಲಿಲ್ಲ.

ನನ್ನ ಮಾತು ಹೀಗೆ: ಗಂಟು ಇಲ್ಲ ಅಂತ ಖಾತ್ರಿಯಾದ ಮೇಲೆ, ಡಾಕ್ಟರ್ ಒಪ್ಪಿದರೆ, ವಿಟಮಿನ್ ಇ ಮೂರು ತಿಂಗಳು ತಗೊಂಡು ನೋಡಬಹುದು. ದುಡ್ಡು ಕಡಿಮೆ, ನನಗೆ ತೊಂದರೆ ಏನೂ ಆಗಲಿಲ್ಲ. ಒಂದು ತಿಂಗಳಿಗೆ ಬಿಡಬೇಡಿ. ಮೂರು ತಿಂಗಳಾದರೂ ಏನೂ ಅನಿಸದಿದ್ದರೆ ಎಳೆಯಬೇಡಿ. ರಕ್ತ ತೆಳ್ಳಗೆ ಮಾಡುವ ಗುಳಿಗೆ ತಗೊಳ್ಳುವವರು, ಆಪರೇಷನ್ ಇರುವವರು ಕೇಳದೆ ಮುಟ್ಟಲೇಬಾರದು, ಇದು ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ.

ಎರಡನೆಯದು ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ. ಇದನ್ನು ಡಾಕ್ಟರ್ ಬರೆದದ್ದಲ್ಲ. ವಿದ್ಯಾಗಿರಿಯಿಂದ ಬರುವ ಒಬ್ಬ ಗಿರಾಕಿ, ಕಾಲೇಜಿನಲ್ಲಿ ಪಾಠ ಮಾಡುವವರು, ತಮಗೆ ಬಹಳ ಗುಣ ಆಯಿತು ಅಂದರು. ಹಳದಿ ಹೂವಿನ ಒಂದು ಗಿಡದ ಬೀಜದ ಎಣ್ಣೆ ಇದು. ಇದರಲ್ಲಿ ಗಾಮಾ ಲಿನೋಲೆನಿಕ್ ಆಮ್ಲ ಅನ್ನುವ ಜಿಡ್ಡಿನ ಅಂಶ ಇದೆ. ಅದು ಕಡಿಮೆಯಾದರೆ ಮೊಲೆಯ ಒಳಗಿನ ಭಾಗ ಹಾರ್ಮೋನಿಗೆ ಜಾಸ್ತಿ ಸ್ಪಂದಿಸುತ್ತದೆ, ಅದನ್ನು ತುಂಬಿದರೆ ನೋವು ಇಳಿಯುತ್ತದೆ ಅನ್ನುವುದು ಇದರ ಹಿಂದಿನ ವಿಚಾರ.

ನಾನು 1000 ಮಿಲಿಗ್ರಾಂನದು ದಿನಕ್ಕೊಂದು, ಎರಡು ತಿಂಗಳು ತಗೊಂಡೆ. 10 ಕ್ಯಾಪ್ಸೂಲಿಗೆ 200 ರೂಪಾಯಿ ದಾಟಿತು. ಡಬ್ಬಿಯ ಮೇಲೆ ಹೆಂಗಸಿನ ಚಿತ್ರ, ಹೂವು, ದೊಡ್ಡ ದೊಡ್ಡ ಮಾತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಔಷಧಿಯಾಗಿ ಬಳಸಲು ಅಲ್ಲ' ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಆಹಾರ ಪೂರಕ ಅಂತ ಮಾರುವುದರ ಮೇಲೆ ಆ ಸಾಲು ಇರಲೇಬೇಕು ಅಂತ ನಿಯಮ. ಅಂಗಡಿಯಲ್ಲಿ ಮಾತ್ರ ಔಷಧಿ ಅಂತಲೇ ಕೊಟ್ಟರು. ಇದು ನನಗೆ ಸರಿ ಕಾಣಲಿಲ್ಲ. ನೋವಿನಿಂದ ಬಂದವಳು ಸಣ್ಣ ಅಕ್ಷರ ಓದುತ್ತಾಳಾ?

ಪುಸ್ತಕದಲ್ಲಿ ಮೊದಲ ತಿಂಗಳು 7 ದಿನ, 6. ಎರಡನೇ ತಿಂಗಳು 8 ದಿನ, 5. ಮಧ್ಯಾಹ್ನ ಹೊಟ್ಟೆ ಉಬ್ಬರ, ಎರಡು ಸಲ ಭೇದಿ. ಅದು ಮದುವೆ ಸೀಸನ್ನು ಕೂಡ, ರಾತ್ರಿ ಹನ್ನೆರಡರ ತನಕ ಮಷಿನ್ ಮೇಲೆ ಇದ್ದೆ, ನಿದ್ದೆ ಇರಲಿಲ್ಲ. ಅದರ ಪಾಲೂ ಇರಬಹುದು. ಆದರೆ 1200 ರೂಪಾಯಿಗೂ ಜಾಸ್ತಿ ಖರ್ಚು ಮಾಡಿ ನನಗೆ ಏನೂ ಸಿಗಲಿಲ್ಲ ಅನ್ನೋದು ಖರೆ. ಬ್ರಿಟನ್ನಿನಲ್ಲಿ ಈ ಎಣ್ಣೆಗೆ ಮೊಲೆ ನೋವಿನ ಔಷಧಿ ಅಂತ ಲೈಸೆನ್ಸ್ ಇತ್ತಂತೆ. ಕೆಲಸ ಮಾಡುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2002ರಲ್ಲಿ ಅದನ್ನು ವಾಪಸ್ ತಗೊಂಡರು. ಇದು ನನಗೆ ಮೊದಲೇ ಗೊತ್ತಿದ್ದರೆ ಕೊಳ್ಳುತ್ತಿರಲಿಲ್ಲ. ವಿದ್ಯಾಗಿರಿಯ ಮೇಡಂಗೆ ಗುಣ ಆದದ್ದನ್ನು ನಾನು ಅಲ್ಲಗಳೆಯೋದಿಲ್ಲ. ಮೂರ್ಛೆ ಬರುವ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ತಗೋಬೇಡಿ.

ಮೂರನೆಯದನ್ನು ನಾನು ತಗೊಳ್ಳಲಿಲ್ಲ. ತಗೊಳ್ಳದ್ದಕ್ಕೆ ಕಾರಣ ಹೇಳಬೇಕು. ವಿಟಮಿನ್ ಬಿ6. ಪಕ್ಕದ ಸೆಕ್ಟರಿನ ಒಬ್ಬರು ಮುಟ್ಟಿನ ಮುಂಚಿನ ಸಿಟ್ಟು, ಅಳು, ಮೊಲೆ ನೋವು ಎಲ್ಲಕ್ಕೂ ದಿನಾ 100 ಮಿಲಿಗ್ರಾಂ ತಗೊಳ್ಳುತ್ತಿದ್ದರು. ಯಾರೋ ಹೇಳಿದ್ದು, ವರ್ಷದ ಮೇಲಾಗಿತ್ತು. ಅಷ್ಟು ಪ್ರಮಾಣದ ತನಕ ಮುಟ್ಟಿನ ಮುಂಚಿನ ತೊಂದರೆಗಳಿಗೆ ಪ್ರಯೋಜನ ಇರಬಹುದು ಅಂತ 1999ರಲ್ಲಿ ಒಂದು ದೊಡ್ಡ ಪರಿಶೀಲನೆ ಹೇಳಿದ್ದು ನಿಜ. ಆದರೆ ಬಿ6 ಬಹಳ ದಿನ ಜಾಸ್ತಿ ತಗೊಂಡರೆ ನರಕ್ಕೆ ಪೆಟ್ಟು. ಕೈ ಬೆರಳು, ಪಾದ ಜೋಮು ಹಿಡಿಯುತ್ತವೆ, ಉರಿಯುತ್ತವೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನದ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ಆ ಅಕ್ಕ ನನ್ನ ಅಂಗಡಿಯಲ್ಲಿ ಕೂತು "ಬೆರಳ ತುದಿ ಜುಂ ಅಂತಾವ" ಅಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸೂಜಿಗೆ ದಾರ ಪೋಣಿಸುವ ಬೆರಳು ಇವು. ನನ್ನ ಮನೆ ನಡೆಯೋದೇ ಇವುಗಳಿಂದ. ಅವತ್ತೇ ಅವರನ್ನು ಡಾಕ್ಟರ್ ಹತ್ತಿರ ಕಳಿಸಿದೆ. ಗುಳಿಗೆ ನಿಲ್ಲಿಸಿದರು. ಜೋಮು ಇಳಿಯಲು ತಿಂಗಳುಗಟ್ಟಲೆ ಹಿಡಿಯಿತು.

ಸಾಮಾನ್ಯ ಬಿ ಕಾಂಪ್ಲೆಕ್ಸ್ ಗುಳಿಗೆ ತಗೊಂಡವರು ಹೆದರಬೇಕಿಲ್ಲ. ಬೆಕೊಸೂಲ್ಸ್, ನ್ಯೂರೋಬಿಯಾನ್ ಫೋರ್ಟ್ ಇಂಥವುಗಳಲ್ಲಿ ಬಿ6 ಇರೋದು 3 ಮಿಲಿಗ್ರಾಂ ಅಷ್ಟೇ. ಮೂತ್ರ ಹಳದಿ ಆಗುವುದು ಬಿ2ರಿಂದ, ಅದು ರೋಗ ಅಲ್ಲ. ಆದರೆ ಎರಡು ಮೂರು ಬೇರೆ ಬೇರೆ ಡಬ್ಬಿ ತಗೊಳ್ಳುವವರು ಪ್ರತಿಯೊಂದರ ಹಿಂದೆ ಪಿರಿಡಾಕ್ಸಿನ್ ಎಷ್ಟಿದೆ ಅಂತ ಓದಿ ಕೂಡಿಸಿ ನೋಡಿ. ಪಿರಿಡಾಕ್ಸಿನ್ ಅಂದರೆ ಬಿ6.

ಈಗ ಯಾವ ಮೆಡಿಕಲ್ಲಿನಲ್ಲೂ ಸಿಗದ್ದರ ಬಗ್ಗೆ ಹೇಳುತ್ತೇನೆ. ನನಗೆ ನಿಜವಾಗಿ ಗುಣ ಕಂಡದ್ದು ಅಲ್ಲಿ.

ನಮ್ಮ ಅಜ್ಜಿ ಗುಳೇದಗುಡ್ಡದ ಖಣದ ಕುಬಸ ತೊಡುತ್ತಿದ್ದಳು. ಮುಂದೆ ಗುಂಡಿ ಇಲ್ಲ, ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು ಹಾಕೋದು. ತಿಂಗಳಲ್ಲಿ ಕೆಲವು ದಿನ ಆ ಗಂಟನ್ನು ಬಿಚ್ಚಿ ಕೆಳಗಿನಿಂದ ಎತ್ತಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ರಾತ್ರಿಯೂ ಬಿಚ್ಚುತ್ತಿರಲಿಲ್ಲ. ಯಾಕೆ ಅಂತ ಆಗ ತಿಳಿಯಲಿಲ್ಲ. ಡಾಕ್ಟರ್ ನನ್ನ ಒಳ ಉಡುಪು ನೋಡಿ "ಇಷ್ಟು ಸಡಿಲ ಹಾಕ್ಕೋತೀರಿ, ಇದು ಏನನ್ನೂ ಹಿಡಿಯಂಗಿಲ್ಲ" ಅಂದಾಗ ಅಜ್ಜಿಯ ಆ ಗಂಟು ನೆನಪಾಯಿತು.

ನಾನು ಎಂಟು ವರ್ಷದಿಂದ ಒಂದೇ ನಂಬರಿನ ಬ್ರಾ ಕೊಳ್ಳುತ್ತಿದ್ದೆ. ಎರಡು ಹೆರಿಗೆ ಆಗಿ ಮೈ ಬದಲಾಗಿತ್ತು. ಊರಿಗೆಲ್ಲ ಅಳತೆ ತೆಗೆಯುವವಳು ನನ್ನದನ್ನು ತೆಗೆದಿರಲಿಲ್ಲ. ಎದೆಯ ಕೆಳಗಿನ ಸುತ್ತಳತೆ ಬೇರೆ, ತುಂಬಿದ ಭಾಗದ ಸುತ್ತಳತೆ ಬೇರೆ. ಕೆಳಗಿನ ಪಟ್ಟಿ ಮೈಗೆ ಹತ್ತಿ ಕೂತರೆ ಭಾರ ಹೊರುವುದು ಅದು. ಭುಜದ ಪಟ್ಟಿ ಎಳೆದು ಬಿಗಿ ಮಾಡಿದರೆ ಭುಜ ಕೊರೆಯುತ್ತದೆ, ನೋವು ಹಾಗೇ ಇರುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಕೈ ಎತ್ತಿದರೆ ಪಟ್ಟಿ ಮೇಲೆ ಜರುಗಬಾರದು. ನನಗೆ ಪಟ್ಟಿ ಒಂದು ನಂಬರ್ ಚಿಕ್ಕದು, ಕಪ್ ಒಂದು ಸೈಜ್ ದೊಡ್ಡದು ಬೇಕಿತ್ತು. ಹಗಲಿಗೆ ಸ್ಪೋರ್ಟ್ಸ್ ಬ್ರಾ ಎರಡು ಕೊಂಡೆ. ನೋವಿರುವ ವಾರದ ರಾತ್ರಿಗೆ ಹತ್ತಿ ಬಟ್ಟೆಯಲ್ಲಿ ತಂತಿ ಇಲ್ಲದ ಮೆತ್ತನೆಯದನ್ನು ನಾನೇ ಹೊಲಿದುಕೊಂಡೆ, ಮುಂದೆ ಹುಕ್ಕು, ಮುಕ್ಕಾಲು ಇಂಚು ಜಾಸ್ತಿ ಬಿಟ್ಟು.

ಗುಳಿಗೆ ಒಂದೂ ಇಲ್ಲದ ಆ ತಿಂಗಳು 6 ದಿನ, 4. ಅದರ ಮುಂದಿನ ತಿಂಗಳು 5 ದಿನ, 3. ಬಸ್ಸಿನಲ್ಲಿ ಕೈ ಕಟ್ಟಿಕೊಳ್ಳದೆ ಗುಳೇದಗುಡ್ಡಕ್ಕೆ ಹೋಗಿ ಬಂದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಪೋರ್ಟ್ಸ್ ಬ್ರಾ ಹಾಕಿದ ಹೆಂಗಸರಲ್ಲಿ 100ಕ್ಕೆ 85 ಮಂದಿಗೆ ನೋವು ಇಳಿಯಿತಂತೆ. ಡ್ಯಾನಜಾಲ್ ಅನ್ನುವ ಜೋರು ಗುಳಿಗೆ ತಗೊಂಡವರಲ್ಲಿ 58 ಮಂದಿಗೆ. ಡ್ಯಾನಜಾಲ್‌ನಿಂದ ಮುಖದಲ್ಲಿ ಕೂದಲು, ತೂಕ ಏರುವುದು ಇಂಥ ತೊಂದರೆಗಳೂ ಇವೆ. ಬಟ್ಟೆಯಿಂದ ಅಂಥದ್ದೇನೂ ಇಲ್ಲ.

ಇನ್ನೊಂದು ಅಗಸಿ, ಅಂದರೆ ಅಗಸೆ ಬೀಜ. ಕೆನಡಾದಲ್ಲಿ ಇದೇ ನೋವಿರುವ ಹೆಂಗಸರಿಗೆ ದಿನಕ್ಕೆ 25 ಗ್ರಾಂ ಅಗಸಿ ಬೀಜ ಹಾಕಿದ ಮಫಿನ್ ತಿನ್ನಿಸಿ ನೋಡಿದರಂತೆ, ನೋವು ಇಳಿಯಿತಂತೆ. ಇದನ್ನು ಕೇಳಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಜೋಳದ ರೊಟ್ಟಿ, ಅಗಸಿ ಹಿಂಡಿ (ಚಟ್ನಿಪುಡಿ), ಮೊಸರು ನಮ್ಮ ಮನೆಯ ದಿನದ ಊಟವಾಗಿತ್ತು. ಅಂಗಡಿ ಕೆಲಸ ಜಾಸ್ತಿಯಾದ ಮೇಲೆ ಹಿಂಡಿ ಕುಟ್ಟೋದನ್ನು ನಾನೇ ಬಿಟ್ಟಿದ್ದೆ. ಅತ್ತೆ ಅವತ್ತೇ ಬಾಣಲೆ ಇಟ್ಟರು. 25 ಗ್ರಾಂ ಅಂದರೆ ಮೂರು ದೊಡ್ಡ ಚಮಚ ಪುಡಿ. ಅಷ್ಟನ್ನೂ ಹಿಂಡಿಯಲ್ಲೇ ತಿಂದರೆ ಉಪ್ಪು, ಖಾರ ಜಾಸ್ತಿಯಾಗುತ್ತದೆ. ಅದಕ್ಕೆ ಒಂದು ಪಾಲು ಉಪ್ಪು ಖಾರ ಹಾಕಿ ಹಿಂಡಿ ಮಾಡಿ, ಉಳಿದದ್ದನ್ನು ಸುಮ್ನೆ ಹುರಿದು ಪುಡಿ ಮಾಡಿ ಇಡುತ್ತೇವೆ. ಮೊಸರಿಗೆ ಒಂದು ಚಮಚ, ಪಲ್ಯಕ್ಕೆ ಒಂದು ಚಮಚ. ಇಡೀ ಬೀಜ ನುಂಗಬೇಡಿ, ಅರಗದೆ ಹಾಗೇ ಹೊರಗೆ ಹೋಗುತ್ತದೆ. ನೀರು ಜಾಸ್ತಿ ಕುಡಿಯಿರಿ. ಬಸುರಿಯರು ಕೇಳಿ ತಗೊಳ್ಳಿ. ಬ್ರಾ ಮತ್ತು ಅಗಸಿ ಎರಡೂ ಇದ್ದ ತಿಂಗಳುಗಳಲ್ಲಿ ಪುಸ್ತಕ ಹೇಳೋದು 5 ದಿನ, 3. ಆಮೇಲೆ 4 ದಿನ, 2. ಅಗಸಿಯ ಪಾಲು ಎಷ್ಟು, ಬಟ್ಟೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾರೆ.

ವಿಟಮಿನ್ ಇ ಊಟದಿಂದಲೇ ಬೇಕು ಅನ್ನುವವರಿಗೆ ನಮ್ಮ ಸೀಮೆಯಲ್ಲಿ ಕೊರತೆ ಇಲ್ಲ. ಕುಸುಬಿ ಎಣ್ಣೆ, ಸೂರ್ಯಕಾಂತಿ ಬೀಜ, ಶೇಂಗಾ ಮೂರರಲ್ಲೂ ಇದೆ. ಗುಳಿಗೆಯಷ್ಟು ದೊಡ್ಡ ಪ್ರಮಾಣ ಊಟದಿಂದ ಬರೋದಿಲ್ಲ, ಅದು ಬೇರೆ ಮಾತು.

ತೀರಾ ನೋವಿರುವ ಎರಡು ದಿನಕ್ಕೆ ಡಾಕ್ಟರ್ ಡೈಕ್ಲೋಫೆನಾಕ್ ಜೆಲ್ ಹಚ್ಚಲು ಹೇಳಿದ್ದರು. ಮೊಣಕಾಲಿಗೆ ಹಚ್ಚುವ ಅದೇ ಜೆಲ್. ಅರ್ಧ ಗಂಟೆಯಲ್ಲಿ ಹಿತ ಅನಿಸುತ್ತದೆ. ಇಷ್ಟಕ್ಕೂ ಬಗ್ಗದ ನೋವಿಗೆ ಬೇರೆ ಗುಳಿಗೆ ಇದೆ ಅಂತಲೂ ಹೇಳಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದ ಆರ್ಮೆಲಾಕ್ಸಿಫೀನ್. ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಅಂತ ಗರ್ಭ ತಡೆಯಲು ಕೊಡುವುದು ಅದನ್ನೇ. ಈ ನೋವಿಗೂ ನಮ್ಮ ದೇಶದ ಡಾಕ್ಟರುಗಳು ಬರೆಯುತ್ತಾರೆ. ಮುಟ್ಟು ಮುಂದೆ ಹೋಗುವುದು ಅದರಲ್ಲಿ ಸಾಮಾನ್ಯ. ಮಗು ಬೇಕೆನ್ನುವವರಿಗೆ ಆಗಿಬರೋದಿಲ್ಲ. ನನಗೆ ಅದು ಬೇಕಾಗಲಿಲ್ಲ.

ಕಳೆದ ವಾರ ಬಾದಾಮಿ ಕಡೆಯಿಂದ ಒಬ್ಬಳು ಬಂದಿದ್ದಳು, ತಂಗಿಯ ಮದುವೆಗೆ ನಾಲ್ಕು ಬ್ಲೌಸ್. ಟೇಪ್ ಹಿಡಿದಾಗ ಎಡಗಡೆ ಮಾತ್ರ ಸರಿದಳು. ಎಂದಿನಂತೆ ಡೇಟ್ ಕೇಳಿದೆ. ಮುಟ್ಟು ಮುಗಿದು ಮೂರು ದಿನ ಆಗಿತ್ತು. ನನ್ನ ಕೈ ನಿಂತಿತು. ನನ್ನಂಥ ನೋವಾದರೆ ಆ ಹೊತ್ತಿಗೆ ಇಳಿದಿರಬೇಕಿತ್ತು, ಎರಡೂ ಕಡೆ ಇರಬೇಕಿತ್ತು. "ಒಂದ ಕಡೆ ಅಷ್ಟ ನೋಯ್ತೈತೇನ ತಂಗಿ?" ಅಂದೆ. ಒಂದೇ ಜಾಗ, ಆರು ತಿಂಗಳಿಂದ, ಬಟಾಣಿ ಕಾಳಿನಷ್ಟು ಗಟ್ಟಿ ಸಿಗುತ್ತದೆ ಅಂದಳು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಯಾರದೋ ಮಾತು ಕೇಳಿ ವಿಟಮಿನ್ ಇ ನುಂಗುತ್ತಿದ್ದಾಳೆ, ಅದೇ ಹಸಿರು ಗುಳಿಗೆ.

ನಾನು ಟೇಪ್ ಕೆಳಗಿಟ್ಟೆ. ಡಾಕ್ಟರ್ ನನಗೆ ಹೇಳಿದ್ದನ್ನು ಅವಳಿಗೆ ಹೇಳಿದೆ. ಒಂದೇ ಜಾಗದಲ್ಲಿ ನಿಂತ ನೋವು, ಮುಟ್ಟಾದರೂ ಕರಗದ ಗಂಟು, ತೊಟ್ಟಿನಿಂದ ರಕ್ತ ಅಥವಾ ನೀರು, ಚರ್ಮ ಒಳಗೆ ಎಳೆದ ಹಾಗೆ ಕಾಣೋದು, ತೊಟ್ಟು ಹೊಸದಾಗಿ ಒಳಸರಿಯೋದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದಿದ್ದರೂ ಗುಳಿಗೆ ತಗೊಂಡು ಕಾಯಬಾರದು. ಇಂಥ ಗಂಟುಗಳಲ್ಲಿ ಜಾಸ್ತಿ ಪಾಲು ಕ್ಯಾನ್ಸರ್ ಅಲ್ಲ ಅಂತಲೂ ಹೇಳಿದೆ, ಯಾಕೆಂದರೆ ಅವಳ ಕೈ ನಡುಗುತ್ತಿತ್ತು. ನನ್ನ ಅಳತೆ ಪುಸ್ತಕದ ಕೊನೆಯ ಪುಟ ತೆರೆದು ತೋರಿಸಿದೆ. ಬಹಳ ಹೊತ್ತು ನೋಡಿದಳು. "ನೀವೂ ಬರದಿಟ್ಟೀರೇನ್ರಿ ಅಕ್ಕಾರ" ಅಂದಳು.

ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಗುರುವಾರ ಸ್ಕ್ಯಾನಿಂಗ್ ಇದೆ, ಜೊತೆಗೆ ಬರುತ್ತೀರಾ ಅಂತ. ಅವಳ ನಾಲ್ಕು ಬ್ಲೌಸಿನ ಅಳತೆ ಅವತ್ತು ಪೂರ್ತಿ ತಗೊಂಡಿರಲಿಲ್ಲ. ಗುರುವಾರ ಅಂಗಡಿ ಮುಚ್ಚಿ ಹೋಗುತ್ತೇನೆ, ಟೇಪ್ ಚೀಲದಲ್ಲಿಟ್ಟುಕೊಂಡಿದ್ದೇನೆ.